ಹಿಂದಿನ ಸೀಟಿನ ನಡುಭಾಗವನ್ನು ಅತ್ತೆಯವರಿಗೆ ಮರಳಿಸುವ ಬಗ್ಗೆ

ದಿನಾಂಕ: ಅಕ್ಟೋಬರ್ ೧೨, ಸೋಮವಾರ, ಬೆಳಗ್ಗೆ ೬ ಗಂಟೆ ೪೦ ನಿಮಿಷ

ಇಂದ:
ತಮ್ಮ ಅಳಿಯ, ತೂಕ ಮತ್ತು ಅಳತೆ ಪರೀಕ್ಷಾಲಯದ ಸಹಾಯಕ

ಗೆ:
ಅತ್ತೆಯವರು, ಪಕ್ಕದ ಕೋಣೆ, ಮುಚ್ಚಿದ ಬಾಗಿಲಿನ ಆಚೆ

ವಿಷಯ: ಕಾರಿನಲ್ಲಿ ತಮ್ಮ ಜಾಗವನ್ನು ಮರಳಿಸುವ ಹಾಗೂ ತಮ್ಮ ತೋರುಬೆರಳನ್ನು ಕೋರುವ ಬಗ್ಗೆ.

ಉಲ್ಲೇಖ: ಮೂರು ವಾರದ ಹಿಂದೆ ಚಪ್ಪಲಿ ಮೆಟ್ಟುತ್ತ ತಾವು ನೀಡಿದ ಮೌಖಿಕ ಹೇಳಿಕೆ: “ಕಾರು ನಿಮ್ದು, ಕಾಲು ನನ್ದು. ನಾನು ಬಸ್ಸಲ್ಲಿ ಬರ್ತೀನಿ.”

ಮಾನ್ಯರೇ,

೧. ಐದು ತಿಂಗಳ ಮೊಮ್ಮಗಳು ಬುಗುರಿಗೆ ಸುರಕ್ಷಾ ಆಸನ ತಂದಾಗ, ಅದನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಎದ್ದಿತು. ಎದುರಿಗೆ ಏರ್‌ಬ್ಯಾಗ್ ಇರುವ ಕಾರಣ ಮುಂದಿನ ಸೀಟು ಕೂಡದು. ಯಾವ ಬಾಗಿಲಿಗೂ ಹತ್ತಿರವಲ್ಲದ ಕಾರಣ ಹಿಂದಿನ ನಡುಭಾಗವೇ ಉತ್ತಮವೆಂದು ಅರ್ಜಿದಾರನು ಓದಿದ್ದನು. ಆದರೆ ಆರು ವರ್ಷಗಳಿಂದ ಅಲ್ಲಿ ತಾವು ಕುಳಿತು, ರಸ್ತೆಯುಬ್ಬು ಬಂದಾಗಲೆಲ್ಲ “ಹಂಪು, ಹಂಪು! ಅಳಿಯಂದ್ರೇ, ಕಣ್ಣು ಜೇಬಲ್ಲಿಟ್ಟಿದೀರಾ?” ಎಂದು ಮಾರ್ಗದರ್ಶನ ಮಾಡುತ್ತಿದ್ದಿರಿ.

೨. ತಾವು ಆಗಲೇ ಎಚ್ಚರಿಸಿದ್ದಿರಿ: “ಅದು ಸೀಟಲ್ಲ, ದೋಣಿ. ನಡುವೆ ಉಬ್ಬಿದೆ. ನಾನೇ ಅಲ್ಲಿ ಆಕಡೆ ಈಕಡೆ ತೂಗಾಡ್ತೀನಿ, ಕೂಸಿನ ಕುರ್ಚಿ ನಿಂತೀತಾ?” ಅರ್ಜಿದಾರನು ಇದನ್ನು ಉಪಕರಣವಿಲ್ಲದ ಅವಲೋಕನವೆಂದು ಬದಿಗಿಟ್ಟನು. “ಜಾಗ ಬಿಡೋಕೆ ಮನಸ್ಸಿಲ್ಲ ಅಂತ ನೇರ ಹೇಳಿ” ಎಂದೂ ಅಂದನು. ಈ ಕೊನೆಯ ಮಾತಿಗೆ ಕಡತದಲ್ಲಿ ಯಾವ ಆಧಾರವೂ ಇಲ್ಲ.

೩. ಆಸನವನ್ನು ನಡುಭಾಗದಲ್ಲೇ ಕಟ್ಟಿ, ಕಳೆದ ಗುರುವಾರ ತಾವಿಲ್ಲದೆ ಹೊರಟೆವು. ಸದಾ ಹಿಡಿಯುವ ತಮ್ಮ ಬೆರಳು ಮುಷ್ಟಿಯಲ್ಲಿಲ್ಲದ ಕಾರಣ ಬುಗುರಿ ಇಪ್ಪತ್ತೆರಡು ನಿಮಿಷ ಸೂರು ಹಾರುವಂತೆ ಅತ್ತಳು. ತಮ್ಮ ಮಗಳು ತನ್ನ ಬೆರಳು ಕೊಟ್ಟಳು, ತಿರಸ್ಕೃತವಾಯಿತು. “ಇನ್ನು ನನ್ ಕೈಲಾಗಲ್ಲ ರೀ” ಎಂದು ಆಸನದ ಪಟ್ಟಿ ಬಿಚ್ಚಿ ಮಗುವನ್ನು ಮಡಿಲಿಗೆ ಎತ್ತಿಕೊಂಡಳು. ಅಷ್ಟರಲ್ಲಿ ನಾಯಿಯೊಂದು ಅಡ್ಡ ಬರಲು, ಅರ್ಜಿದಾರನು ಬ್ರೇಕ್ ಒತ್ತಿದನು. ಮಗುವಿನ ತಲೆಗೂ ಮುಂದಿನ ಸೀಟಿಗೂ ನಡುವೆ ಒಂದು ಅಂಗೈ ಅಗಲ ಉಳಿಯಿತು. ಜೇಬಿನಲ್ಲಿ ಅಳತೆಪಟ್ಟಿ ಇದ್ದರೂ ಅರ್ಜಿದಾರನು ಅದನ್ನು ಅಳೆಯಲಿಲ್ಲ.

೪. ಆದ್ದರಿಂದ, ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ನಿನ್ನೆ ಮಾಡಲಾಯಿತು. ಪಟ್ಟಿ ಹಾಯುವಲ್ಲಿ ಹಿಡಿದು ಅಲ್ಲಾಡಿಸಿದರೆ ಆಸನ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ನಡುಭಾಗದಲ್ಲಿ ನಾಲ್ಕು ಸರಿಯಿತು. ಗಟ್ಟಿ ಕೊಂಡಿಗಳಿರುವ ಎಡಬದಿಯಲ್ಲಿ ಒಂದಕ್ಕೂ ಕಡಿಮೆ. ಆ ಎಡಬದಿ ಆರು ವರ್ಷವೂ ಖಾಲಿಯೇ ಇತ್ತು. ಅಲ್ಲಿ ತಮ್ಮ ಕೈಚೀಲ ಮಾತ್ರ ಕೂರುತ್ತಿತ್ತು. ತಮ್ಮ ಮಗಳ ಷರಾ: “ಊರವರ ತಕ್ಕಡಿಯೆಲ್ಲ ಪರೀಕ್ಷೆ ಮಾಡ್ತೀರಿ, ಮನೇದಕ್ಕೆ ಮಾತ್ರ ಕಣ್ಣಳತೆ!”

ಆದ್ದರಿಂದ, ಇಂದು ಹತ್ತು ಗಂಟೆಗೆ ಬುಗುರಿಗೆ ಲಸಿಕೆ ಇರುವ ಕಾರಣ, ತಾವು ನಡುಭಾಗವನ್ನು ಮರಳಿ ವಹಿಸಿಕೊಂಡು, ಎಡಗೈ ತೋರುಬೆರಳನ್ನು ಮಗುವಿನ ವಶಕ್ಕೆ ಕೊಡಬೇಕೆಂದು ಪ್ರಾರ್ಥನೆ. ಎಷ್ಟು ಅತ್ತರೂ ಪಟ್ಟಿ ಬಿಚ್ಚಬಾರದೆಂಬುದೊಂದೇ ಷರತ್ತು. ಹಂಪಿನ ಸೂಚನೆಗಳಿಗೆ ಇನ್ನು ಮುಂದೆ ಆಕ್ಷೇಪವಿಲ್ಲ.

ತಮ್ಮ ವಿಶ್ವಾಸವನ್ನು ಮರಳಿ ಬಯಸುವ,
ಅಳಿಯ

ಅಡಕ:
೧. ತಮ್ಮ ಕೈಚೀಲ, ಧೂಳು ಒರೆಸಿದ್ದು.
೨. ಎಡಬದಿಯ ಪರೀಕ್ಷೆಯ ವರದಿ.

ವಿ.ಸೂ.: ಅರ್ಜಿಯನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಲಾಗಿದೆ, ಕೈಚೀಲವನ್ನು ಬಾಗಿಲ ಹೊರಗೆ ಇಡಲಾಗಿದೆ. ಸ್ವೀಕೃತಿಗೆ ಸಹಿ ಬೇಡ, ಒಮ್ಮೆ ಕೆಮ್ಮಿದರೆ ಸಾಕು. ತಾವು ಬಾರದೆ ಕಾರು ಹೊರಡುವುದಿಲ್ಲ. ನಡುಭಾಗದಲ್ಲಿ ಕುಳಿತವರ ಮೊಣಕೈಯಿಂದ ಮಗುವಿನ ಮುಷ್ಟಿಗೆ ಇರುವ ಅಂತರ: ೩೧ ಸೆಂಟಿಮೀಟರ್. ತಮ್ಮ ಬೆರಳು ಎಟಕುತ್ತದೆ.