ಟಿವಿಯಲ್ಲಿ ಬಿದ್ದ ಮಳೆ

"ಮಾರ್ಚ್ ಹನ್ನೊಂದು, ಭಾನುವಾರ. ಮಳೆ ಇಲ್ಲ. ಪಂಪ್‌ಸೆಟ್ಟಿನ ವಾಷರ್ ಹೋಗಿದೆ. ಸೊಸೆ ತವರಿನಿಂದ ತಂದ ಆಟದ ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿದಳು. ಇವರು ಊಟಕ್ಕೆ ಮೂರು ಸಲ ಕರೆದರೂ ಬರಲಿಲ್ಲ."

ಎಂಟು ವರ್ಷದ ಹಿಂದಿನ ನನ್ನ ಡೈರಿಯಲ್ಲಿ ಹೀಗಿದೆ. ಹಾಸನದಲ್ಲಿ ಬಿ.ಎ. ಮುಗಿಸಿ ಯಸಳೂರಿನ ಹತ್ತಿರದ ಈ ತೋಟಕ್ಕೆ ಮದುವೆಯಾಗಿ ಬಂದ ದಿನದಿಂದ ನಾನು ಡೈರಿ ಬರೆಯುತ್ತಿದ್ದೇನೆ. ಮೊದಲ ಸಾಲು ಮಳೆಯದ್ದು, ಆಮೇಲೆ ಉಳಿದದ್ದು. ನಗೆಪಾಟಲಿನ ಸಂಗತಿಗಳು ಎಲ್ಲರ ಮನೆಯಲ್ಲೂ ನಡೆಯುತ್ತವೆ. ಬೇರೆಯವರು ಮರೆತು ಮರ್ಯಾದೆ ಉಳಿಸಿಕೊಳ್ಳುತ್ತಾರೆ. ನಮ್ಮಲ್ಲಿ ನಾನು ಬರೆದಿಟ್ಟುಬಿಡುತ್ತೇನೆ.

ಆ ಆಟದ ಪೆಟ್ಟಿಗೆಯ ಮೇಲೆ ಏನೋ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಾವು 'ತೋಟದಾಟ' ಎಂದೆವು. ಬರಡು ಜಮೀನು ಕೊಳ್ಳಬೇಕು, ಉಳಬೇಕು, ಬಿತ್ತಬೇಕು, ಮಳೆಗೆ ಕಾಯಬೇಕು, ಬೆಳೆದದ್ದನ್ನು ಸಂತೆಗೆ ಒಯ್ಯಬೇಕು. ಹಗಲೆಲ್ಲ ಇದನ್ನೇ ಮಾಡಿ ಬಂದ ಮನುಷ್ಯ ಮನೆಗೆ ಬಂದೂ ಇದನ್ನೇ ಮಾಡುತ್ತಾರೆಂದು ನನಗೆ ಮೊದಲು ಗೊತ್ತಿರಲಿಲ್ಲ. ಆಟದ ಭಾಗಗಳು ಒಟ್ಟು ನಾಲ್ಕು ಬಂದವು. ಮೊದಲನೆಯದನ್ನು ಲೋಕವೆಲ್ಲ ಆಡಿತು ಎನ್ನುತ್ತಾಳೆ ಸೊಸೆ. ನಾಲ್ಕನೆಯದನ್ನು ಕೊನೆಕೊನೆಗೆ ಎಷ್ಟು ಜನ ಆಡಿದರೆಂಬುದನ್ನು ಮುಂದೆ ಹೇಳುತ್ತೇನೆ.

ನಿಂತುಕೊಂಡೇ ಬೇಸಾಯ

ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರಿಗೆ ಕೂರುವುದಿಲ್ಲ. ಹಾಗೆಂದು ಯಾರೂ ಕಟ್ಟುಮಾಡಿದ್ದಲ್ಲ. ನಾನೂ ನನ್ನ ಮಾವನ ಎದುರು ಕೂತಿರಲಿಲ್ಲ, ಅಷ್ಟೆ. ತೋಟದಾಟಕ್ಕೆ ಮಾತ್ರ ಇಬ್ಬರು ಬೇಕು, ಒಬ್ಬರು ಉಳಲಿಕ್ಕೆ, ಒಬ್ಬರು ಬಿತ್ತಲಿಕ್ಕೆ.

ಮದುವೆಯಾಗಿ ಹದಿನೈದು ದಿನವಾಗಿದ್ದ ಸೊಸೆ ನಿಂತುಕೊಂಡು ಆಡಿದಳು. ಹೆಣ್ಣುಮಗಳು ನಿಂತಿರುವಾಗ ತಾನು ಕೂರುವುದು ಹೇಗೆಂದು ಇವರೂ ಎದ್ದು ನಿಂತರು. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಮಾವ ಸೊಸೆ ಇಬ್ಬರೂ ಟಿವಿಯ ಮುಂದೆ ನಿಂತು ನಾಲ್ಕು ಎಕರೆ ಉತ್ತರು. ಸಂಜೆ ಇವರು ಮಂಡಿಗೆ ಎಣ್ಣೆ ಕೇಳಿದರು.

"ಟಿವಿ ಒಳಗೆ ಉತ್ತು ಮಂಡಿ ನೋಯ್ತೈತೆ ಅಂದ್ರೆ ಯಾರು ನಂಬ್ತಾರೆ ಕಣೇ. ತೋಟದಲ್ಲಿ ಜಾರಿದೆ ಅಂತ ಬರ್ಕೊ" ಅಂದರು. ನಾನು ಇದ್ದದ್ದನ್ನೇ ಬರೆದೆ.

ಮೂರನೇ ದಿನ ಎರಡು ಕುರ್ಚಿ ತಂದು, ಸೊಸೆಯ ಕುರ್ಚಿಯನ್ನು ಮಾವನ ಕುರ್ಚಿಗಿಂತ ಒಂದು ಅಡಿ ಹಿಂದೆ ಹಾಕಿದೆ. ಹಿಂದೆ ಕೂತರೆ ಎದುರಿಗೆ ಕೂತಂತಾಗುವುದಿಲ್ಲವಲ್ಲ. ಇಬ್ಬರೂ ನಿಟ್ಟುಸಿರು ಬಿಟ್ಟು ಕೂತರು. ನನ್ನ ಬಿ.ಎ. ಈ ಮನೆಗೆ ಉಪಯೋಗಕ್ಕೆ ಬಂದದ್ದು ಅವತ್ತೇ ಮೊದಲು.

ಒಂದು ಇಂಚು ನಲವತ್ತು ಸೆಂಟ್ಸ್

ಬೇಲಿಯಾಚೆಯ ತೋಟದ ಸಾಹುಕಾರರು ಇವರ ಜೊತೆ ಸಕಲೇಶಪುರದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ದಪ್ಪ ಮೀಸೆ, ಅದಕ್ಕೆ ತಕ್ಕ ದನಿ. ಸಂಜೆ ಕಾಫಿಗೆ ಬಂದು ಇವರ ಆಟ ನೋಡಿ, ಉಳುಮೆ ಸರಿಯಿಲ್ಲವೆಂದು ಹೇಳಿ ಹೋಗುತ್ತಿದ್ದರು. ಸ್ವಲ್ಪ ದಿನಕ್ಕೆ ಅವರ ಮನೆಗೂ ಒಂದು ಪೆಟ್ಟಿಗೆ ಬಂತು. ಮೊಮ್ಮಗಳಿಗೆ ತಂದದ್ದೆಂದು ಹೇಳಿದರು. ಮೊಮ್ಮಗಳಿಗೆ ಆಗ ಎರಡು ವರ್ಷ.

ಇವರಿಬ್ಬರ ನಿಜವಾದ ಸ್ನೇಹವಿದ್ದದ್ದು ಬೆಳಿಗ್ಗೆ ಏಳು ಗಂಟೆಯ ಫೋನಿನಲ್ಲಿ. ನಮ್ಮ ಕಡೆ ಕಾಫಿ ಇಟ್ಟವರೆಲ್ಲ ಮನೆ ಮುಂದೆ ಮಳೆ ಅಳೆಯುವ ಮಾಪಕ ಇಟ್ಟಿರುತ್ತಾರೆ. ಇಂಚು, ಇಂಚಿಗೆ ನೂರು ಸೆಂಟ್ಸ್, ಇದು ನಮ್ಮ ಲೆಕ್ಕ. ಒಂದು ಗುಡ್ಡಕ್ಕೆ ಬಿದ್ದ ಮಳೆ ಪಕ್ಕದ ಗುಡ್ಡಕ್ಕೆ ಬಿದ್ದಿರುವುದಿಲ್ಲ. ಆದ್ದರಿಂದ ಬೆಳಗಾದರೆ "ಎಷ್ಟು ಬಿತ್ತು?" ಎಂಬ ಫೋನು. ಅದರಲ್ಲೂ ಮಾರ್ಚ್‌ನಲ್ಲಿ ಹೂಮಳೆ ಬಿದ್ದರೆ ಮೊಗ್ಗು ಅರಳಿ ಆ ವರ್ಷದ ಫಸಲು ಕೈಗೆ ಬಂದಂತೆ. ಬೀಳದಿದ್ದರೆ ಸ್ಪ್ರಿಂಕ್ಲರ್ ಹಾಕಿ ನೀರು ಹೊಡೆಯಬೇಕು. ಅದೂ ಇಲ್ಲದಿದ್ದರೆ ಮೊಗ್ಗು ಗಿಡದಲ್ಲೇ ಸುಟ್ಟುಹೋಗುತ್ತದೆ.

ಆಟದ ಎರಡನೇ ಭಾಗ ಬಂದ ವರ್ಷ. ಪಕ್ಕದ ಸಾಹುಕಾರರು ನೆಂಟರ ಮನೆಗೆಂದು ಆಲೂರಿಗೆ ಹೋಗಿದ್ದವರು ಅಲ್ಲಿಂದಲೇ ಏಳಕ್ಕೆ ಫೋನ್ ಮಾಡಿದರು. ಇವರು ಬೆಳಿಗ್ಗೆಯೇ ಆಟಕ್ಕೆ ಕೂತಿದ್ದರು. ಫೋನ್ ಕಿವಿಯಲ್ಲಿ, ಕಣ್ಣು ಟಿವಿಯಲ್ಲಿ.

"ಎಷ್ಟು ಬಿತ್ತು ಮಾರಾಯ?"

"ಒಂದು ಇಂಚು ನಲವತ್ತು ಸೆಂಟ್ಸ್" ಅಂದರು ಇವರು, ಟಿವಿಯ ಮೂಲೆಯಲ್ಲಿ ಬಂದ ಅಂಕಿಯನ್ನು ನಮ್ಮ ಲೆಕ್ಕದಲ್ಲಿ ಓದಿಕೊಂಡು. "ಚೆನ್ನಾಗಿ ನೆನೆದೈತೆ."

ಪಕ್ಕದವರು ಸಂತೋಷದಿಂದ ತಮ್ಮ ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿ, ಬೇಲಿಯಾಚೆ ಅಷ್ಟು ಬಿದ್ದಮೇಲೆ ನಮಗೂ ಬಿದ್ದೇ ಇರುತ್ತದೆ, ಸ್ಪ್ರಿಂಕ್ಲರ್ ಪೈಪುಗಳನ್ನು ಬಿಚ್ಚಿ ಮಾರನಹಳ್ಳಿಯ ಭಾವಮೈದನಿಗೆ ಕಳಿಸು ಎಂದರು. ರೈಟರು ಕಳಿಸಿದ. ನಾಲ್ಕು ದಿನ ಬಿಟ್ಟು ಸಾಹುಕಾರರು ಬಂದು ನೋಡಿದರೆ ತೋಟದಲ್ಲಿ ಮೊಣಕಾಲುದ್ದ ಧೂಳು, ಆರು ಎಕರೆ ರೊಬಸ್ಟಾ ಕಾಫಿಯ ಮೊಗ್ಗು ಕಪ್ಪಾಗಿತ್ತು.

ರೈಟರನ್ನು ನಿಲ್ಲಿಸಿ ಕೇಳಿದರಂತೆ, ನಿನಗೆ ಕಣ್ಣಿರಲಿಲ್ಲವೇ ಎಂದು.

"ಧೂಳು ಕಾಣ್ತಿತ್ತು ಸಾಹುಕಾರ್ರೆ" ಅಂದನಂತೆ ಅವನು. "ಆದ್ರೆ ಮಳೆ ಬಂದೈತೆ ಅಂತ ನೀವೇ ಅಂದ್ಮೇಲೆ, ಇಲ್ಲ ಅನ್ನಕ್ಕೆ ನಾನ್ಯಾರು?"

ಇವರು ಬೇಲಿಯವರೆಗೆ ಹೋಗಿ ತಪ್ಪು ಒಪ್ಪಿಕೊಂಡರು. ಅದು ಟಿವಿಯಲ್ಲಿ ಬಿದ್ದ ಮಳೆ ಎಂದು ವಿವರಿಸಿದರು. ವಿವರಿಸದೇ ಇದ್ದಿದ್ದರೆ ಒಂದು ವಾರದಲ್ಲಿ ಸರಿಹೋಗುತ್ತಿತ್ತೇನೋ. ಟಿವಿ ಎಂದದ್ದೇ ತಡ, ಮೀಸೆ ನಡುಗಿತಂತೆ. ಮಾರನೇ ದಿನದಿಂದ ಏಳು ಗಂಟೆಯ ಫೋನು ಬರಲಿಲ್ಲ.

ನೆರಳಿಲ್ಲದ ಕಾಫಿ

ಮೂರನೇ ಭಾಗಕ್ಕೆ ಕಂಪನಿಯವರು ಹೊಸತಾಗಿ ಕಾಫಿ ಬೆಳೆ ಸೇರಿಸಿದರು. ಸುದ್ದಿ ತಿಳಿದು ಇವರು ಹೊಸ ಷರಟು ಹಾಕಿಕೊಂಡು ಕೂತರು. ಜೋಳ, ಗೋಧಿ ಬೆಳೆದು ಸಾಕಾಗಿತ್ತು. ಈಗ ನಮ್ಮ ಕಸುಬು, ಲೋಕಕ್ಕೆ ಒಂದು ಕೈ ತೋರಿಸಿಬಿಡೋಣ ಎಂಬ ಹುರುಪು.

ಕಾಫಿ ಹಾಕುವವರು ಮೊದಲು ನೆರಳಿಗೆ ಮರ ಹಾಕುತ್ತಾರೆ. ಇವರೂ ಮರ ನೆಟ್ಟರು. ಮೂರು ವಾರ ಬರೀ ಮರ ನೆಟ್ಟರು. ಮರ ಎತ್ತರವಾಗದೆ ಕಾಫಿ ಸಸಿ ಇಡುವುದಿಲ್ಲವೆಂದು ಕಾದರು. ಇಂಟರ್‌ನೆಟ್ಟಿನಲ್ಲಿ ಇದೇ ಆಟ ಆಡುತ್ತಿದ್ದ ಬೇರೆ ದೇಶಗಳ ಮಕ್ಕಳು ಬಟ್ಟಬಯಲಲ್ಲಿ ಕಾಫಿ ಚೆಲ್ಲಿ, ಎಂಟು ದಿನಕ್ಕೆ ಕೊಯ್ದು, ಬಂಗಲೆ ಕಟ್ಟಿ, ಹೆಲಿಕಾಪ್ಟರ್ ಕೊಂಡರು. ನಮ್ಮವರ ಜಮೀನಿನಲ್ಲಿ ಮಾತ್ರ ದಟ್ಟ ಕಾಡು.

ಒಂದು ದಿನ ಟಿವಿಯ ಮೇಲೆ ಕೆಂಪಕ್ಷರದಲ್ಲಿ ಏನೋ ಬಂತು. ಸೊಸೆ ಓದಿ ಹೇಳಲು ಹಿಂದೆಮುಂದೆ ನೋಡಿದಳು. ಕೊನೆಗೆ ಮೆಲ್ಲಗೆ, "ಮಾವ, ನಿಮಗೆ ಬೇಸಾಯ ಬರಲ್ಲ ಅಂತಿದಾರೆ. ಮೊದಲನೇ ಪಾಠದಿಂದ ಕಲೀಬೇಕಂತೆ" ಅಂದಳು.

ಇವರು ಎದ್ದು ಹೊರಗೆ ಹೋದರು. ಇಂಥ ಹೊತ್ತಿನಲ್ಲಿ ನೋವು ಹೇಳಿಕೊಳ್ಳಲು ಇದ್ದ ಮನುಷ್ಯ ಒಬ್ಬರೇ, ಬೇಲಿಯಾಚೆಯವರು. ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದು ವಾಪಸು ಬಂದರು. ಬಂದವರೇ ಮೊದಲನೇ ಪಾಠಕ್ಕೆ ಕೂತರು. ಪಾಠದ ಹೆಸರು, ಗುದ್ದಲಿ ಹಿಡಿಯುವ ಕ್ರಮ.

ಮಾರಾಟಕ್ಕೆ ಮಳೆ

ನಾಲ್ಕನೇ ಭಾಗ ಬಂದಾಗ ಆಟವೇ ಬದಲಾಗಿತ್ತು. ಗೊಬ್ಬರಕ್ಕೆ ನಿಜವಾದ ದುಡ್ಡು, ಬೇಲಿಗೆ ನಿಜವಾದ ದುಡ್ಡು. ಕಡೆಗೆ ಮಳೆಗೂ. ಮೋಡದ ಚಿತ್ರದ ಮೇಲೆ ಒತ್ತಿ ದುಡ್ಡು ಕಟ್ಟಿದರೆ ನಿಮ್ಮ ಜಮೀನಿಗೆ ಮಾತ್ರ ಮಳೆ. ಬೇಕಾದರೆ ಪಕ್ಕದ ಜಮೀನಿಗೂ ಕಳಿಸಬಹುದು.

"ದುಡ್ಡು ಕೊಟ್ರೆ ಮಳೆ ಬರಂಗಿದ್ರೆ ನಾನು ಇಷ್ಟು ವರ್ಷ ಆಕಾಶ ಯಾಕೆ ನೋಡ್ತಿದ್ದೆ" ಎಂದು ಇವರು ಶಪಥ ಮಾಡಿದರು, ಸತ್ತರೂ ಮಳೆ ಕೊಳ್ಳುವುದಿಲ್ಲವೆಂದು. ಲೋಕದ ಜನರೂ ಹಾಗೇ ಅಂದುಕೊಂಡರೋ ಏನೋ, ಒಬ್ಬೊಬ್ಬರೇ ಆಟ ಬಿಟ್ಟರು. ಆಟದೊಳಗಿನ ಊರಿಗೆ ಊರೇ ಖಾಲಿ. ಉಳಿದವರನ್ನೆಲ್ಲ ಕಂಪನಿಯವರು ಒಂದೇ ಊರಿಗೆ ತಂದು ಹಾಕಿದರು.

ಆಗ ನಾನು ಕಂಪನಿಗೆ ಕಾಗದ ಬರೆದೆ. ಇಂಗ್ಲಿಷಿನಲ್ಲಿ, ನನ್ನ ಕೈಬರಹದಲ್ಲಿ, ನಾಲ್ಕು ಪುಟ. ಸೊಸೆ ಫೋಟೊ ತೆಗೆದು ಕಳಿಸಿದಳು. ಯಾವ ಭಾಗದಲ್ಲಿ ಏನು ಕೆಟ್ಟಿತೆಂದು ಡೈರಿಯ ತಾರೀಕು ಸಮೇತ ಬರೆದಿದ್ದೆ. ಕಾಫಿಗೆ ನೆರಳು ಕೊಡಿ, ಫಸಲಿಗೆ ಒಂದು ವರ್ಷ ಕಾಯಿಸಿ, ಕಾಯುವುದೇ ಆಟ, ಮುಖ್ಯವಾಗಿ ಮಳೆಗೆ ದುಡ್ಡು ಕೇಳಬೇಡಿ ಎಂದು ವಿನಂತಿ. ನನ್ನ ಮಟ್ಟಿಗೆ ಅದು ತಹಸೀಲ್ದಾರರಿಗೆ ಬರೆದ ರಸ್ತೆ ಅರ್ಜಿಗಿಂತ ಚೆನ್ನಾಗಿತ್ತು.

ಅರ್ಧ ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು, ನಿಮಗಾಗಿ ಮಳೆಯ ಮೇಲೆ ಹತ್ತು ಪರ್ಸೆಂಟ್ ರಿಯಾಯಿತಿ.

ಪಿಂಕ್ ರಾಣಿ

ಈ ವರ್ಷದ ಆರಂಭದಲ್ಲಿ ಆ ಊರಿನಲ್ಲಿ ಉಳಿದವರು ಇಬ್ಬರೇ. ಒಬ್ಬರು ಇವರು. ಇನ್ನೊಬ್ಬರು ಪಕ್ಕದ ಜಮೀನಿನ ಪಿಂಕ್ ರಾಣಿ. ಹೆಸರಿನ ಪಕ್ಕ ಗುಲಾಬಿ ಲಂಗ, ತಲೆಗೆ ಕಿರೀಟ ಹಾಕಿದ ಹುಡುಗಿಯ ಚಿತ್ರ. ಯಾವುದೋ ದೇಶದ ಹೆಣ್ಣುಮಗಳಿರಬೇಕೆಂದು ಇವರು ಬಹಳ ಮರ್ಯಾದೆಯಿಂದ ನಡೆದುಕೊಂಡರು. "ಗುಡ್ ಮಾರ್ನಿಂಗ್ ಮೇಡಂ ಅಂತ ಬರಿಯಮ್ಮ" ಎಂದು ಸೊಸೆಗೆ ಹೇಳುವರು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಆ ಕಡೆಯಿಂದಲೂ "ಗುಡ್ ಮಾರ್ನಿಂಗ್ ಸರ್" ಎಂದು ಬರುವುದು. ಹಿಂದೆ ಫೋನು ಬರುತ್ತಿದ್ದ ಹೊತ್ತಿಗೇ ಇದು ಶುರುವಾಗಿದೆಯಲ್ಲ ಎಂದು ನಾನು ಬರೆದಿಟ್ಟುಕೊಂಡೆ. ನನಗೆ ಆ ಕಿರೀಟ ಅಷ್ಟು ಹಿಡಿಸಿರಲಿಲ್ಲ.

ಮಾರ್ಚ್ ಕೊನೆಗೆ ಕಂಪನಿಯವರು ಆಟ ಮುಚ್ಚುತ್ತೇವೆಂದು ಪ್ರಕಟಿಸಿದರು. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಟಿವಿ ನೋಡುತ್ತ, ಪಿಂಕ್ ರಾಣಿಯ ಜಮೀನಿನಲ್ಲಿ ಕಾಫಿ ಮೊಗ್ಗು ಒಣಗುತ್ತಿದೆ ಎಂದರು. ಆ ಜಮೀನಿನಲ್ಲಿ ಕಾಫಿಗೆ ನೆರಳು ಮರಗಳಿದ್ದವು. ಇವರನ್ನು ಬಿಟ್ಟರೆ ಲೋಕದಲ್ಲೇ ಬೇರೆ ಯಾರೂ ಹಾಗೆ ಮಾಡಿರಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು.

"ಹೆಂಗೂ ಮುಚ್ಚೋ ಆಟ. ಆ ಹೆಣ್ಮಗಳಿಗೆ ಒಂದು ಹೂಮಳೆ ಕಳಿಸಾನ" ಅಂದರು. ಶಪಥದ ತಾರೀಕನ್ನು ನಾನು ನೆನಪಿಸಿದೆ. ಕೇಳಿಸದವರಂತೆ ಸೊಸೆಯ ಕಡೆ ತಿರುಗಿದರು. ಎಷ್ಟು ಕಳಿಸಲಿ ಎಂದು ಅವಳು ಕೇಳಿದಳು. ಇವರು ಯೋಚಿಸದೆ ಒಂದು ಇಂಚು ನಲವತ್ತು ಅಂದರು. ಬಾಯಿಗೆ ಅದೇ ಬಂತು.

ಮಾರನೇ ದಿನ ಏಳಕ್ಕೆ ಸೊಸೆ ಉತ್ತರ ಓದಿದಳು. "ಥ್ಯಾಂಕ್ಯೂ ಸರ್. ಒನ್ ಇಂಚ್ ಫಾರ್ಟಿ ಸೆಂಟ್ಸ್. ನೌ ಬ್ಯಾಕಿಂಗ್ ರಿಕ್ವೈರ್ಡ್."

ನಾನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟೆ. ಹೂಮಳೆಯಾದ ಇಪ್ಪತ್ತು ದಿನಕ್ಕೆ ಇನ್ನೊಂದು ಮಳೆ ಬೀಳಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ಅದಕ್ಕೆ 'ಬ್ಯಾಕಿಂಗ್' ಅನ್ನುವವರು, ಮಳೆಯನ್ನು ಸೆಂಟ್ಸ್‌ನಲ್ಲಿ ಎಣಿಸುವವರು, ಒಂದು ಮಳೆ ಕೊಟ್ಟರೆ ಧನ್ಯವಾದದ ಜೊತೆಗೇ ಎರಡನೆಯದನ್ನು ಕೇಳುವವರು ಯಾವ ದೇಶದಲ್ಲೂ ಇಲ್ಲ. ಈ ಗುಡ್ಡಗಳಲ್ಲಿ ಮಾತ್ರ ಇರುವುದು.

ನಾನು ಫೋನ್ ತೆಗೆದುಕೊಂಡು, ಐದು ವರ್ಷದಿಂದ ಈ ಮನೆಯಲ್ಲಿ ಯಾರೂ ಒತ್ತದ ನಂಬರು ಒತ್ತಿದೆ. ಆ ಕಡೆ ಗಡಸು ದನಿ "ಹಲೋ" ಅಂದಿತು.

"ಪಿಂಕ್ ರಾಣಿ ಇದ್ದಾರಾ?" ಅಂದೆ.

ಅವರು ಗಂಟಲು ಸರಿಮಾಡಿಕೊಂಡದ್ದು ಕೇಳಿತು.

"ಮಾತಾಡ್ತಾ ಇದೀನಿ ಅಕ್ಕ."

ಆ ಹೆಸರು, ಆ ಲಂಗ, ಆ ಕಿರೀಟ ಎಲ್ಲ ಮೊಮ್ಮಗಳು ಇಟ್ಟದ್ದಂತೆ. ಅವಳು ಆಟ ಬಿಟ್ಟು ಎರಡು ವರ್ಷವಾಗಿತ್ತು. ಹೆಸರು ಬದಲಾಯಿಸುವುದು ಹೇಗೆಂದು ಕೇಳಿದರೆ, ಆಡುತ್ತಿರುವುದು ತಾನೆಂದು ಮನೆಯಲ್ಲಿ ಗೊತ್ತಾಗುತ್ತದೆಂದು ಸಾಹುಕಾರರು ಕಿರೀಟದಲ್ಲೇ ಉಳಿದಿದ್ದರು. ಇತ್ತ ನಮ್ಮ ಮನೆಯಲ್ಲಿ, ಇಷ್ಟು ದಿನ ಯಾರಿಗೆ ಮೇಡಂ ಅಂದೆ ಎಂಬುದು ಅರ್ಥವಾಗಿ ಒಬ್ಬರು ಕುರ್ಚಿಯಿಂದ ಏಳಲಾರದೆ ಕೂತಿದ್ದರು.

ಆಟ ಮುಚ್ಚುವ ದಿನ ಸಂಜೆ ಐದಕ್ಕೆ ಸಾಹುಕಾರರು ಬೇಲಿ ದಾಟಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಇವರ ಮುಖ ನೋಡದೆ, "ನಿನ್ ಮಳೆ ಐದು ವರ್ಷ ಲೇಟಾಗಿ ಬಂತು ಕಣೋ ಮಾರಾಯ" ಅಂದರು.

"ಬಂತಲ್ಲ" ಅಂದರು ಇವರು.

ನಾನು ಮೂರನೇ ಕುರ್ಚಿ ಹಾಕಿದೆ. ಟಿವಿಯೊಳಗೆ ಎರಡು ತೋಟಗಳಲ್ಲೂ ಹೂ ಅರಳಿ ಬೆಳ್ಳಗಿತ್ತು. ಐದೂವರೆಗೆ ಪರದೆ ಕಪ್ಪಾಯಿತು. ಈಗ ಯಾರೋ ಚಿಕ್ಕ ಕಂಪನಿಯವರು ಹೆಸರು ಕೊಂಡಿದ್ದಾರಂತೆ, ಐದನೇ ಭಾಗ ಬರಬಹುದಂತೆ. ಅವರಿಗೂ ನನ್ನ ನಾಲ್ಕು ಪುಟ ಕಳಿಸಿದ್ದೇವೆ, ಕೆಳಗೆ ಇಬ್ಬರ ಸಹಿ ಹಾಕಿಸಿ. ಉತ್ತರ ಇನ್ನೂ ಬಂದಿಲ್ಲ. ಓದುತ್ತಿದ್ದಾರೆಂದು ಕಾಣುತ್ತದೆ. ಏಳು ಗಂಟೆಗೆ ಫೋನು ಮಾತ್ರ ಬರುತ್ತಿದೆ. ಎಷ್ಟು ಎಂದು ಕೇಳಿದ ಮೇಲೆ ಸಾಹುಕಾರರು ತಪ್ಪದೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ, ಹೊರಗಿಂದೋ ಟಿವಿ ಒಳಗಿಂದೋ ಎಂದು.

ಕೊನೆಗೆ ಇದಕ್ಕೆಲ್ಲ ತಗುಲಿದ್ದು: ಅವರ ಆರು ಎಕರೆಯ ಒಂದು ವರ್ಷದ ರೊಬಸ್ಟಾ. ಇವರ ಎರಡು ಮಂಡಿ. ಇಬ್ಬರ ಐದು ವರ್ಷದ ಬೆಳಗಿನ ಮಾತು. ಒಂದು ಇಂಚು ನಲವತ್ತು ಸೆಂಟ್ಸ್ ಮಳೆಗೆ ತೊಂಬತ್ತೊಂಬತ್ತು ರೂಪಾಯಿ, ತೆರಿಗೆ ಸೇರಿ ನೂರ ಹದಿನಾರು ರೂಪಾಯಿ ಎಂಬತ್ತೆರಡು ಪೈಸೆ. ಹತ್ತು ಪರ್ಸೆಂಟ್ ರಿಯಾಯಿತಿ ಕೇಳಲು ಇವರು ಮರೆತರು.