ಎರಡು ಸಲ ಬೇಡ, ಮೂರನೇ ಸಲ ಹೂಂ

ಆ ಶನಿವಾರ ಬೆಳಗ್ಗೆ ಸುಧನ್ವನ ಬಾಯಿಗೆ ಉಪ್ಪಿಟ್ಟು ತಪ್ಪಿಸಿದವರು ಲಕ್ಷ್ಮಮ್ಮ. ಮುಂದಿನ ಅನಾಹುತಕ್ಕೆಲ್ಲ ಅಲ್ಲಿಂದಲೇ ನಾಂದಿ.

"ಕಾಫಿಗೆ ಕರೆದಿರೋ ಮನೆಗೆ ಹೊಟ್ಟೆ ತುಂಬಿಸ್ಕೊಂಡು ಹೋಗ್ತಾರೇನೋ? ಅಲ್ಲಿ ತಿನ್ನದೆ ಇದ್ರೆ ಬೇಜಾರು ಮಾಡ್ಕೋತಾರೆ," ಎಂದು ಅವನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡೇ ಬಿಟ್ಟರು. "ಆದ್ರೆ ಕೊಟ್ಟ ತಕ್ಷಣ ಕೈ ಹಾಕ್ಬೇಡ. ಎರಡು ಸಲ ಬೇಡ ಅನ್ನು. ಮೂರನೇ ಸಲ ಬಲವಂತ ಮಾಡ್ತಾರಲ್ಲ, ಆಗ ತಗೋ. ಮರ್ಯಾದಸ್ಥರ ಮನೆ ಹುಡುಗ ಅಂತ ಗೊತ್ತಾಗುತ್ತೆ."

"ಬರಿಗೈಲಿ ಹೋಗ್ಬೇಡ ಕಣಯ್ಯ," ಎಂದು ಪೇಪರಿನ ಹಿಂದಿನಿಂದ ಅವರ ಯಜಮಾನರು ಶ್ರೀಕಂಠಯ್ಯನವರು ತಮ್ಮ ಪಾಲಿನ ಸಲಹೆಯನ್ನೂ ಸೇರಿಸಿದರು.

ಸಿಡ್ನಿಯ ಹ್ಯಾರಿಸ್ ಪಾರ್ಕಿನ ಅವರ ಮನೆಯ ಹಿಂಬದಿ ರೂಮಿನಲ್ಲಿ ಸುಧನ್ವ ಬಾಡಿಗೆಗಿದ್ದ. ಹೊಸ ಕೆಲಸಕ್ಕೆಂದು ಮೆಲ್ಬರ್ನಿನಿಂದ ಒಬ್ಬನೇ ಬಂದವನಿಗೆ ಅದು ಸಾಕಾಗಿತ್ತು. ಈಗ ಹೆಂಡತಿ ಪ್ರಾರ್ಥನಾ ಮಗುವನ್ನು ಕಟ್ಟಿಕೊಂಡು ಬರುವವಳಿದ್ದಳು. ಅಲ್ಲಿಯ ಮನೆಯ ಬೀಗದಕೈಯನ್ನು ಅಂದೇ ವಾಪಸು ಕೊಡಬೇಕು; ಸಾಮಾನು ಹೇರಲು ಟ್ರಕ್ ಬಾಗಿಲಲ್ಲಿ ನಿಂತಿತ್ತು. ಇತ್ತ ಲಕ್ಷ್ಮಮ್ಮನವರು ಅವನ ರೂಮನ್ನು ಭಾನುವಾರದಿಂದ ಬೇರೊಬ್ಬ ಹುಡುಗನಿಗೆ ಕೊಡುವುದಾಗಿ ಮಾತು ಕೊಟ್ಟಾಗಿತ್ತು. ಸಿಡ್ನಿಯಲ್ಲಿ ಆ ವರ್ಷ ಬಾಡಿಗೆ ಮನೆಗಳಿಗೆ ಬರಗಾಲ. ಒಂದು ಯೂನಿಟ್ ಖಾಲಿಯಿದೆ ಎಂದರೆ ನೋಡಲು ಬಂದವರ ಸಾಲು ರಸ್ತೆಯ ತಿರುವು ದಾಟುತ್ತಿತ್ತು. ಉಳಿದದ್ದು ಒಂದೇ ಆಸೆ: ಆಫೀಸಿನ ಗೆಳೆಯ ಜೋಯ್ಸನ್‌ನ ಸ್ವೀಡಿಷ್ ಅತ್ತೆ ಗುನಿಲ್ಲಾ ಅವರ ಕ್ವೇಕರ್ಸ್ ಹಿಲ್ ಮನೆಯ ಹಿತ್ತಲಲ್ಲಿದ್ದ ಗ್ರ್ಯಾನಿ ಫ್ಲ್ಯಾಟ್ ಎಂಬ ಪುಟ್ಟ ಬಿಡಿಮನೆ.

"ಅವರು ಏಜೆಂಟನಿಗೆಲ್ಲ ಕೊಡುವ ಜನ ಅಲ್ಲ ಮಾರಾಯ," ಎಂದು ಮಂಗಳೂರಿನ ಜೋಯ್ಸನ್ ಮೊದಲೇ ಹೇಳಿದ್ದ. "ಕಾಫಿಗೆ ಕರೀತಾರೆ, ಕೂತು ಮಾತಾಡ್ತಾರೆ, ಜನ ಹಿಡಿಸಿದರೆ ಕೀ ಕೊಡ್ತಾರೆ. ಅವರಲ್ಲಿ ಆ ಕಾಫಿ ಕೂಟಕ್ಕೆ ಫಿಕಾ ಅಂತ ಹೇಳುದು. ಇನ್ನೊಬ್ಬ ಸ್ಟೂಡೆಂಟ್ ಸಹ ಕೇಳಿದ್ದಾನೆ. ನೀನು ಮೊದಲು ಬಾ."

ಸುಧನ್ವ ಅರ್ಧ ಕಿಲೋ ಮೈಸೂರು ಪಾಕು ಹಿಡಿದು ಖಾಲಿ ಹೊಟ್ಟೆಯಲ್ಲಿ ರೈಲು ಹತ್ತಿದ.

ಗುನಿಲ್ಲಾ ಬೆಳ್ಳಿಕೂದಲಿನ, ನಗುಮುಖದ ಹೆಂಗಸು. ಮೇಜಿನ ಮೇಲೆ ಅವರು ಏಳು ಬಗೆಯ ತಿನಿಸು ಜೋಡಿಸಿಟ್ಟಿದ್ದರು. ಏಳಕ್ಕಿಂತ ಕಡಿಮೆಯಾದರೆ ಅವರ ಕಡೆ ಜಿಪುಣರೆನ್ನುತ್ತಾರಂತೆ. ನಡುವೆ ದಾಲ್ಚಿನ್ನಿ ಹಾಕಿ ಸುತ್ತಿದ ಬಿಸಿ ಬನ್ನುಗಳ ಗೋಪುರ. ಅದರಿಂದ ಏಲಕ್ಕಿಯ ಘಮ ಏಳುತ್ತಿತ್ತು. ಏಲಕ್ಕಿ! ಸುಧನ್ವನಿಗೆ ಮದುವೆ ಮನೆಯ ಅಡುಗೆಕೋಣೆಗೇ ಬಂದಂತಾಯಿತು.

"ಕಾಫಿ ಕುಡಿಯುತ್ತೀರಾ?" ಎಂದು ಗುನಿಲ್ಲಾ ಇಂಗ್ಲಿಷಿನಲ್ಲಿ ಕೇಳಿದರು.

"ಅಯ್ಯೋ, ನೋ ನೋ," ಎಂದ ಸುಧನ್ವ. ಇದು ಮೊದಲನೆಯದು.

"ಬನ್ನು?"

"ನೋ ನೋ, ಪ್ಲೀಸ್." ಇದು ಎರಡನೆಯದು. ಮೂರನೆಯದಕ್ಕಾಗಿ ಅವನು ಬೆನ್ನು ನೇರಮಾಡಿಕೊಂಡು, ತುಸು ನಾಚಿಕೆಯ ನಗೆಯನ್ನೂ ಸಿದ್ಧಪಡಿಸಿಕೊಂಡು ಕೂತ.

ಮೂರನೆಯದು ಬರಲೇ ಇಲ್ಲ. ಗುನಿಲ್ಲಾ ಸರಿ ಎಂದು ತಲೆಯಾಡಿಸಿ, ಅವನ ಮುಂದಿದ್ದ ಕಪ್-ಬಸಿಯನ್ನು ಎತ್ತಿ ಕಪಾಟಿನಲ್ಲಿಟ್ಟುಬಿಟ್ಟರು.

ನಮ್ಮ ಕಡೆ ಬೇಡ ಎನ್ನುವುದು ಉತ್ತರವಲ್ಲ, ಊಟದ ಪೀಠಿಕೆ. ಬೇಡ ಎಂದವನ ಎಲೆಗೇ ಎರಡು ಹೋಳಿಗೆ ಜಾಸ್ತಿ ಬೀಳುವುದು. ಈ ನ್ಯಾಯ ಸ್ವೀಡನ್ನಿಗೆ ತಲುಪಿಲ್ಲವೆಂದು ಪಾಪ ಸುಧನ್ವನಿಗೆ ಹೇಗೆ ಗೊತ್ತಾಗಬೇಕು?

ಉಳಿದವರು ತಿನ್ನತೊಡಗಿದರು. ಜೋಯ್ಸನ್, ಅವನ ಹೆಂಡತಿ ಅನ್ನಿಕಾ, ಗುನಿಲ್ಲಾ ಎಲ್ಲರೂ ನಿಧಾನವಾಗಿ, ಹವಾಮಾನದ ಮಾತಾಡುತ್ತ, ಬೆರಳಿನ ಸಕ್ಕರೆ ನೆಕ್ಕುತ್ತ ತಿಂದರು. ಸುಧನ್ವ ತಂದ ಮೈಸೂರು ಪಾಕನ್ನು ಬಿಚ್ಚಿ ಗುನಿಲ್ಲಾ ಅವನತ್ತ ಚಾಚಿದರು. ಅಭ್ಯಾಸಬಲದಿಂದ ಅವನ ಬಾಯಿ "ನೋ ನೋ" ಎಂದುಬಿಟ್ಟಿತು. ಅದೂ ಆಚೆ ಹೋಯಿತು. ತಾನೇ ಕೊಂಡ ಮೈಸೂರು ಪಾಕು ಕಣ್ಣೆದುರೇ ಕರಗುವುದನ್ನು ನೋಡಿ ಅವನಿಗೆ ಅಳುವೇ ಬಂತು.

ಜೇಬಿನಲ್ಲಿ ಫೋನ್ ಗುರುಗುಟ್ಟಿತು. ವರಾಂಡಕ್ಕೆ ಹೋಗಿ ಎತ್ತಿದ.

"ಏನಾತ್ರೀ? ಟ್ರಕ್ಕಿನವ ಬಾಗ್ಲಾಗೆ ನಿಂತಾನೆ. ಹತ್ತಿಸ್ಲೋ ಬ್ಯಾಡ್ವೋ?" ಎಂದಳು ಪ್ರಾರ್ಥನಾ. ಹಿಂದೆ ಮಗು ಕಿರುಚುತ್ತಿತ್ತು.

"ಸ್ವಲ್ಪ ತಡಿ, ಇನ್ನೂ ಮಾತು ಬಂದಿಲ್ಲ."

"ಇಷ್ಟೊತ್ತನಕ ಏನ್ ಮಾಡಿದ್ರಿ? ತಿಂತಾ ಕುಂತೀರೇನು?"

"ಆಮೇಲೆ ಮಾಡ್ತೀನಿ," ಎಂದು ಅವನು ಫೋನಿಟ್ಟ.

ಒಳಗೆ ಬಂದರೆ ತಟ್ಟೆಯಲ್ಲಿ ಒಂದೇ ಬನ್ನು ಉಳಿದಿತ್ತು. ಕಡೆಯ ತುಂಡನ್ನು ಇಡಿಯಾಗಿ ಎತ್ತಿಕೊಳ್ಳುವುದು ಆ ಮನೆಯಲ್ಲಿ ಅಸಭ್ಯತನ. ಅನ್ನಿಕಾ ಅರ್ಧ ಕತ್ತರಿಸಿಕೊಂಡಳು. ಉಳಿದರ್ಧದಲ್ಲಿ ಅರ್ಧವನ್ನು ಜೋಯ್ಸನ್, ಅದರಲ್ಲೂ ಅರ್ಧವನ್ನು ಗುನಿಲ್ಲಾ. ಅಡಿಕೆಯಷ್ಟು ಉಳಿದ ತುಣುಕನ್ನು ಸುಧನ್ವ ಕಣ್ಣಲ್ಲೇ ನುಂಗುತ್ತಿದ್ದಾಗ ಅವನ ಹೊಟ್ಟೆ, ಸಭೆಯಲ್ಲಿ ಮೈಕು ಕಿರುಚಿದಂತೆ, ಇಡೀ ಕೋಣೆಗೆ ಕೇಳುವಂತೆ ಕೂಗಿತು.

ಎಲ್ಲರೂ ಅವನನ್ನೇ ನೋಡಿದರು.

"ಎಂತ ಮಾರಾಯ, ಹಸಿವುಂಟಾ ನಿಂಗೆ?" ಎಂದ ಜೋಯ್ಸನ್.

"ಬೆಳಗ್ಗಿಂದ ಏನೂ ತಿಂದಿಲ್ಲ ಕಣೋ," ಎಂದು ಸುಧನ್ವ ಪಿಸುಗುಟ್ಟಿದ.

"ಮತ್ತೆ ಬೇಡ ಅಂದದ್ದು ಎಂತಕ್ಕೆ? ಈ ಮನೆಯಲ್ಲಿ ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು. ಬಾಯಲ್ಲಿ ಹೇಳಿದ್ದನ್ನೇ ನಂಬ್ತಾರೆ ಇವರು. ಮದುವೆಯಾದ ಹೊಸತರಲ್ಲಿ ನಾನು ಕಡ್ಡಿ ಆಗಿದ್ದೆ, ಗೊತ್ತುಂಟಾ?"

ಅವನು ಇಂಗ್ಲಿಷಿನಲ್ಲಿ ವಿವರಿಸಿದಾಗ ಗುನಿಲ್ಲಾ ಎದೆಯ ಮೇಲೆ ಕೈಯಿಟ್ಟುಕೊಂಡರು. ಕಪ್-ಬಸಿ ವಾಪಸು ಬಂತು. ಓವನ್ನಿನಿಂದ ಹೊಸ ಬನ್ನುಗಳು ಬಂದವು. ಸುಧನ್ವ ಪ್ರತಿ ಸಲವೂ "ಯೆಸ್" ಎಂದ. ಎಷ್ಟು ಸುಲಭದ ಧರ್ಮ ಇದು, ಇಷ್ಟು ದಿನ ಎಲ್ಲಿತ್ತು ಎನ್ನಿಸಿತು.

ಕೊನೆಗೆ ಗುನಿಲ್ಲಾ ಕಪ್ಪನ್ನು ಕೆಳಗಿಟ್ಟರು. "ಫ್ಲ್ಯಾಟ್ ನಿಮಗೆ ಬೇಕಾ?"

ಸುಧನ್ವನ ನಾಲಿಗೆ ತಲೆತಲಾಂತರದ ಅಭ್ಯಾಸದಂತೆ "ಅಯ್ಯೋ, ನಿಮಗ್ಯಾಕೆ ತೊಂದರೆ" ಎನ್ನಲು ಎದ್ದೇ ಬಿಟ್ಟಿತ್ತು. ಅವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ.

"ಬೇಕು!" ಎಂದ. ಗಾಬರಿಯಲ್ಲಿ ಅದು ಕನ್ನಡದಲ್ಲೇ ಬಂತು. "ಯೆಸ್! ಯೆಸ್ ಪ್ಲೀಸ್!"

"ಹಾಗಾದರೆ ನಿಮ್ಮದೇ," ಎಂದು ಅವರು ನಕ್ಕರು. "ಒಂದೇ ಒಂದು ಶಾಸ್ತ್ರ. ಈಗ ಇರುವ ಮನೆಯವರಿಗೆ ಫೋನ್ ಮಾಡಿ ನಿಮ್ಮ ಬಗ್ಗೆ ಒಂದು ಮಾತು ಕೇಳುತ್ತೇನೆ, ಅಷ್ಟೇ."

ಸುಧನ್ವ ನಂಬರು ಕೊಟ್ಟು, ಸ್ಟೇಷನ್ನಿಗೆ ನಡೆಯುತ್ತಲೇ ಲಕ್ಷ್ಮಮ್ಮನವರಿಗೆ ಫೋನ್ ಮಾಡಿದ. "ಆಂಟಿ, ಅವರು ಕೇಳಿದ್ರೆ ನನ್ನ ಬಗ್ಗೆ ಒಳ್ಳೆ ಮಾತು ಹೇಳಿ."

"ಅದನ್ನ ನೀನು ಹೇಳ್ಬೇಕೇನೋ? ಬಾಯ್ತುಂಬಾ ಹೇಳ್ತೀನಿ, ಹೋಗು."

ಅವನ ಎದೆ ಹಗುರಾಯಿತು. ಪ್ರಾರ್ಥನಾಗೆ "ಹತ್ತಿಸು!" ಎಂದು ಗಂಡಸಿನ ದನಿಯಲ್ಲಿ ಅಪ್ಪಣೆ ಕೊಟ್ಟ. ಗೆದ್ದ ಖುಷಿಗೆ ದಾರಿಯಲ್ಲೇ ಪ್ಯಾರಮಟ್ಟಾದಲ್ಲಿ ಇಳಿದು, ಹೊಸ ಮನೆಗೆಂದು ಬಕೆಟ್ಟು, ಪರದೆ ಎಲ್ಲ ಕೊಂಡು, ಸಂಜೆ ಹ್ಯಾರಿಸ್ ಪಾರ್ಕಿನ ಮನೆಯ ಬಾಗಿಲು ತೆರೆದ.

ಲಕ್ಷ್ಮಮ್ಮ ಪರೀಕ್ಷೆ ಗೆದ್ದವರಂತೆ ಬೀಗುತ್ತಿದ್ದರು.

"ಬಂತಪ್ಪ ನಿನ್ನ ಸ್ವೀಡನ್ ಅಜ್ಜಿ ಫೋನು. ಎಷ್ಟು ಚೆನ್ನಾಗಿ ಹೇಳ್ದೆ ಗೊತ್ತಾ? ಅವನು ನಮ್ಮ ಮಗ ಇದ್ದ ಹಾಗೆ ಕಣಮ್ಮಾ, ಅವನನ್ನ ಕಳಿಸೋಕೆ ನಮಗೆ ಒಂಚೂರೂ ಮನಸ್ಸಿಲ್ಲ, ಹೆಂಡತಿ ಮಗು ಬಂದ್ರೂ ಇಲ್ಲೇ ಇರಲಿ, ಅವನು ಹೋದ್ರೆ ಮನೆ ಬಿಕೋ ಅನ್ನುತ್ತೆ ಅಂದೆ. ಇವರು ಪಕ್ಕದಲ್ಲಿ ಕೂತು ಒಂದೊಂದನ್ನೂ ಇಂಗ್ಲಿಷಲ್ಲಿ ಹೇಳಿದ್ರು."

"ಕೊನೇಲಿ ಇವಳು ಅತ್ತೂ ಬಿಟ್ಲು," ಎಂದರು ಶ್ರೀಕಂಠಯ್ಯನವರು ಹೆಮ್ಮೆಯಿಂದ.

ಸುಧನ್ವನ ಕೈಯಿಂದ ಬಕೆಟ್ಟು ಜಾರಿತು. ಅಷ್ಟರಲ್ಲಿ ಜೋಯ್ಸನ್‌ನ ಫೋನ್.

"ಸಾರಿ ಮಾರಾಯ. ಅಷ್ಟು ಪ್ರೀತಿ ಮಾಡುವ ಮನೆಯಿಂದ ನಿನ್ನನ್ನು ಬಿಡಿಸಿಕೊಂಡು ಬರುವುದು ಪಾಪ ಅಂತೆ. ಹೆಂಡತಿ ಮಗುವಿಗೂ ಅಲ್ಲೇ ಜಾಗ ಉಂಟಂತಲ್ಲ? ಆ ಸ್ಟೂಡೆಂಟಿಗೆ ಕೀ ಕೊಟ್ಟೇ ಬಿಟ್ಟರು. ಅದು ಸುಮ್ಮನೆ ಉಪಚಾರದ ಮಾತು ಅಂತ ಎಷ್ಟು ಹೇಳಿದೆ, ಅವರಿಗೆ ಅರ್ಥವೇ ಆಗುದಿಲ್ಲ. ಮನಸ್ಸಿಲ್ಲದೆ ಯಾರಾದರೂ ಹಾಗೆ ಅಳ್ತಾರಾ ಅಂತ ಕೇಳ್ತಾರೆ."

ಸುಧನ್ವ ಲಕ್ಷ್ಮಮ್ಮನವರ ಕಡೆ ತಿರುಗಿದ. "ಆಂಟಿ... ಹಾಗಾದ್ರೆ ನಾವು ಮೂರೂ ಜನ ಇಲ್ಲೇ ಇರಬಹುದಾ?"

"ಅಯ್ಯೋ ಶಿವನೇ! ಅದು ಮಾತಿಗೆ ಹೇಳೋದಪ್ಪ! ಆ ಹುಡುಗ ನಾಳೆ ಬರೋ ಬದಲು ಇವತ್ತೇ ಬಂದು ನಿನ್ನ ರೂಮಲ್ಲಿ ಮಲಗಿದಾನೆ. ನಿನ್ನ ಸೂಟ್‌ಕೇಸು ವರಾಂಡದಲ್ಲಿಟ್ಟಿದೀನಿ, ನೋಡ್ಲಿಲ್ವಾ?" ಎಂದವರು ಅವನ ಮುಖ ನೋಡಿ ಮರುಗಿದರು. "ಯಾಕೋ ಸಪ್ಪಗಾದೆ? ಕಾಫಿ ಕುಡೀತೀಯಾ?"

"ಬೇಡ ಆಂಟಿ," ಎಂದ ಸುಧನ್ವ. ಆ ದಿನ ಅವನು ಮನಸಾರೆ ಹೇಳಿದ ಬೇಡ ಅದೊಂದೇ.

"ಬೇಡ ಅಂದ್ರೆ ಬಿಟ್ಬಿಡ್ತೀನಾ?" ಎಂದು ಲಕ್ಷ್ಮಮ್ಮ ಲೋಟವನ್ನು ಅವನ ಕೈಗೆ ತುರುಕಿ, ಪಕ್ಕದಲ್ಲಿ ಒಂದು ತಟ್ಟೆ ಉಪ್ಪಿಟ್ಟನ್ನೂ ಇಟ್ಟರು. ಬೆಳಗಿನದೇ.

ಫೋನ್ ಮತ್ತೆ ಗುರುಗುಟ್ಟಿತು. ಪ್ರಾರ್ಥನಾಳ ದನಿ ಹಬ್ಬದಂತಿತ್ತು.

"ಟ್ರಕ್ಕು ಆಲ್ಬರಿ ಗಡಿ ದಾಟೈತಂತೆ ನೋಡ್ರಿ. ಡ್ರೈವರು ಸಿಡ್ನಿ ಅಡ್ರೆಸ್ ಕೇಳಾಕತ್ತಾನೆ. ಹೇಳ್ರಿ, ಬರ್ಕೋತೀನಿ."