ಆಗಬೋಟು ಹತ್ತಿದ ಬಯಕೆ ಬುತ್ತಿ

ಭೂಗೋಳ ಕಲಿಸುವವನಿಗೆ ಸಮುದ್ರದ ಭಯ ಇರಬಾರದು. ನನಗಂತೂ ಇರಲಿಲ್ಲ. ಯಾಕೆಂದರೆ ನಾನು ಸಮುದ್ರವನ್ನು ನೋಡಿಯೇ ಇರಲಿಲ್ಲ! ಧಾರವಾಡದ ಒಂದು ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಉಬ್ಬರ, ಇಳಿತ, ಸಾಗರ ಪ್ರವಾಹಗಳನ್ನು ಕರಿಹಲಗೆಯ ಮೇಲೆ ಬರೆದು ಬರೆದು ಅಳಿಸಿದ ಕೈ ಇದು. ಸಮುದ್ರವೇ ಬಂದು ನನ್ನ ಮುಂದೆ ಪರೀಕ್ಷೆಗೆ ಕೂತರೂ ಅದನ್ನು ನಪಾಸು ಮಾಡುವ ಧೈರ್ಯ ನನಗಿತ್ತು.

ಗೋವೆ ನಮ್ಮದಾಗಿ ಎರಡು ಮೂರು ವರ್ಷಗಳಾಗಿದ್ದವು. ದೀಪಾವಳಿ ರಜೆ ಹತ್ತಿರ ಬಂದಾಗ ಮುಂಬಯಿಯಿಂದ ತಂಗಿ ನೀಲಾಳ ಪತ್ರ ಬಂತು. ಮೊದಲ ಬಸಿರು, ಏಳನೆಯ ತಿಂಗಳು, ಬೀಗರ ಮನೆಯಲ್ಲಿ ಕುಬಸದ ದಿನ ಗೊತ್ತಾಗಿತ್ತು. ಬಸುರಿಗೆ ಹೊಸ ಸೀರೆ ಉಡಿಸಿ ಆರತಿ ಮಾಡುವ ಆ ದಿನಕ್ಕೆ ತವರಿನಿಂದ ಬಯಕೆಯ ಬುತ್ತಿ ಹೋಗಲೇಬೇಕು. ಪತ್ರದ ಕೊನೆಯಲ್ಲಿ ನೀಲಾ ಬರೆದಿದ್ದಳು: "ಇಲ್ಲೆ ಎಲ್ಲಾ ಸಿಗತೈತಿ ಅಣ್ಣಾ. ಆದರ ಯಾವುದೂ ಬಾಯಿಗೆ ಹತ್ತವಲ್ದು. ಅವ್ವನ ಕೈಯಾಗಿನ ಕಡಕ್ ರೊಟ್ಟಿ ಒಂದ ಒಂದು ಸಿಕ್ಕರೂ ಸಾಕು."

ಈ ಸಾಲನ್ನು ಅವ್ವ ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ ಒಲೆಯ ಮುಂದೆ ಕೂತವಳು ಮೂರು ದಿನ ಏಳಲಿಲ್ಲ. ಹಪ್ಪಳದಷ್ಟು ತೆಳ್ಳಗೆ ಬಡಿದ ಜೋಳದ ರೊಟ್ಟಿಗಳು ಒಲೆಯ ಸುತ್ತ ನಿಂತು ಒಣಗಿ ಗರಿಗರಿಯಾದವು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಕರಿಗಡಬು, ಮಾದಲಿ ಎಲ್ಲವೂ ಸಿದ್ಧವಾದವು. ಎಲ್ಲವನ್ನೂ ಅಗಲವಾದ ಬುಟ್ಟಿಯಲ್ಲಿ ಹೊಂದಿಸಿ, ಬಿಳಿ ಬಟ್ಟೆ ಕಟ್ಟಿ, ಅವ್ವ ನನ್ನನ್ನು ಎದುರು ನಿಲ್ಲಿಸಿಕೊಂಡಳು.

"ನೋಡಪಾ ಶಿವಲಿಂಗಾ, ಒಂದ ರೊಟ್ಟಿನೂ ಮುರೀಬಾರದು. ಬೀಗರ ಮುಂದ ಮುರಕ ರೊಟ್ಟಿ ಬಿಚ್ಚಿದ್ರ ತವರಿನ ಮಾನ ಹೋಗತೈತಿ."

ಅವ್ವನಿಗೆ ಬಸ್ಸು ಹತ್ತಿದರೆ ತಲೆ ತಿರುಗುತ್ತದೆ. ನನ್ನ ಹೆಂಡತಿ ಶಾಂತಾಳ ತೊಡೆಯ ಮೇಲೆ ನಾಲ್ಕು ತಿಂಗಳ ಕೂಸು. ಹೀಗಾಗಿ ಹೊರಡಬೇಕಾದವನು ನಾನೊಬ್ಬನೇ. ಬುದ್ಧಿ ಇದ್ದವನು ಯಾರಾದರೂ ಊರಿನ ಸ್ಟೇಶನ್ನಿಗೆ ಹೋಗಿ ರೈಲು ಹತ್ತುತ್ತಿದ್ದ. ನಾನು ವಿಚಾರ ಮಾಡಿದೆ. ಅನಾಹುತ ಶುರುವಾದದ್ದೇ ಅಲ್ಲಿಂದ!

"ನಾನು ಪಣಜಿಗೆ ಹೋಗಿ ಆಗಬೋಟಿನ್ಯಾಗ ಹೋಗ್ತೇನಿ" ಎಂದೆ. ಹೊಗೆ ಬಿಡುತ್ತ ಹೋಗುವ ಹಡಗಿಗೆ ನಮ್ಮ ಕಡೆ ಆಗ ಆಗಬೋಟು ಎಂದೇ ಹೆಸರು.

"ಮನಿ ಮುಂದಿನ ರೈಲು ಬಿಟ್ಟು?" ಎಂದಳು ಶಾಂತಾ.

"ರೈಲು ಅಂದ್ರ ಕುಲುಕಾಟ. ಪುಣೆದಾಗ ಗಾಡಿ ಬದಲಿ, ನೂಕಾಟ. ರೊಟ್ಟಿ ಪುಡಿಪುಡಿ ಆಗತಾವು. ಹಡಗಾದ್ರ ನೀರಿನ ಮ್ಯಾಲ ತೇಲತೈತಿ. ನೀರಾಗ ತಗ್ಗು ದಿನ್ನಿ ಇರತಾವೇನು? ಕುಲುಕೂದು ಎಲ್ಲಿಂದ ಬಂತು?"

"ಕೆಲಗೇರಿ ಕೆರಿ ಬಿಟ್ರ ನೀವು ಬ್ಯಾರೆ ನೀರು ಯಾವಾಗ ನೋಡೀರಿ?"

"ನೋಡಬೇಕಂತಿಲ್ಲ. ಓದೇನಿ!"

ಶಾಂತಾ ಕೂಸಿನ ಕಡೆ ತಿರುಗಿ, "ನಿಮ್ಮಪ್ಪಗ ದೇವರು ಕಾಯಲಿ" ಎಂದಳು. ಅವ್ವ ಮಾತ್ರ ನನ್ನ ಮಾತನ್ನು ಪೂರ್ತಿ ನಂಬಿದಳು.

ಬಸ್ಸಿನಲ್ಲಿ ಘಟ್ಟ ಇಳಿಯುವಾಗ ಬುಟ್ಟಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಮರುದಿನ ಮುಂಜಾನೆ ಪಣಜಿಯ ಬಂದರಿನ ಧಕ್ಕೆಯಲ್ಲಿ ನಿಂತಾಗ ಒಂದು ರೊಟ್ಟಿಯೂ ಮುರಿದಿರಲಿಲ್ಲ. ಹಡಗಿನ ಬಾಗಿಲು ತೆರೆದದ್ದೇ ತಡ, ಜನ ಚಾಪೆ, ಜಮಖಾನೆಗಳನ್ನು ಕಂಕುಳಲ್ಲಿ ಹಿಡಿದು ಒಳಗೆ ಓಡಿದರು. ಡೆಕ್ಕಿನ ಟಿಕೆಟಿಗೆ ಕುರ್ಚಿಯಿಲ್ಲ, ನಂಬರಿಲ್ಲ. ಮೊದಲು ಯಾರು ಹಾಸುತ್ತಾರೋ ಜಾಗ ಅವರದು. ನಾನು ಮಾಸ್ತರನಲ್ಲವೇ? ಶಿಸ್ತಿನಿಂದ ಪಕ್ಕಕ್ಕೆ ನಿಂತು, "ಸಾವಕಾಶ, ಸಾವಕಾಶ, ಒಬ್ಬೊಬ್ಬರಾಗಿ ಹೋಗ್ರಿ" ಎಂದು ಎಲ್ಲರಿಗೂ ದಾರಿ ಮಾಡಿಕೊಟ್ಟೆ. ನಾನು ಒಳಗೆ ಹೋಗುವ ಹೊತ್ತಿಗೆ ಇಡೀ ಡೆಕ್ಕು ಜಮಖಾನೆಯಿಂದ ಮುಚ್ಚಿತ್ತು!

ಹೊಗೆಕೊಳವೆಯ ಹತ್ತಿರ ಸ್ವಲ್ಪ ಜಾಗ ಖಾಲಿ ಕಂಡಿತು. ಕೂತೆ. ಅದು ಯಾಕೆ ಖಾಲಿ ಇತ್ತೆಂದು ಕೂತ ಜಾಗವೇ ನನಗೆ ತಿಳಿಸಿತು. ಕಾದ ಹಂಚು! ಅಲ್ಲಿಂದ ಎದ್ದು ಮೆಟ್ಟಿಲ ಬುಡಕ್ಕೆ ಹೋದೆ. ಇಳಿಯುವವರೆಲ್ಲ ನನ್ನ ಹೆಗಲನ್ನೇ ಕೊನೆಯ ಮೆಟ್ಟಿಲು ಮಾಡಿಕೊಂಡರು. ಕೋಳಿಯ ಪಂಜರಗಳ ಪಕ್ಕ ಕೂತರೆ ಒಂದು ಹುಂಜ ಬುಟ್ಟಿಯ ಬಟ್ಟೆಯನ್ನು ಕುಕ್ಕತೊಡಗಿತು. ಬುಟ್ಟಿಯನ್ನು ಎದೆಗವಚಿಕೊಂಡು ಒಂದು ತಾಸು ಹಾಗೇ ಅಲೆದೆ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

"ಯಾಕೋ ತಮ್ಮಾ, ಆವಾಗಿಂದ ತಿರಗಾಕತ್ತೀಯಲ್ಲ? ಬಾ ಇಲ್ಲೆ" ಎಂದು ಅಚ್ಚ ಕನ್ನಡದಲ್ಲಿ ಯಾರೋ ಕರೆದರು. ನೋಡಿದರೆ ಕೊಂಕಣದ ರೀತಿಯಲ್ಲಿ ಸೀರೆ ಉಟ್ಟ ಮುದುಕಿ. ತನ್ನ ಚಾಪೆಯ ಮೂಲೆ ಮಡಚಿ, ಸೊಸೆ ಮೊಮ್ಮಕ್ಕಳನ್ನು ಸರಿಸಿ, ನನಗೆ ಜಾಗ ಮಾಡಿಕೊಟ್ಟಳು. ಹುಟ್ಟಿದ್ದು ಬೈಲಹೊಂಗಲದಲ್ಲಂತೆ, ಕೊಟ್ಟದ್ದು ದೇವಗಡಕ್ಕಂತೆ. ತವರಿನಲ್ಲಿ ಯಾರೂ ಉಳಿಯದೆ ಮೂವತ್ತು ವರ್ಷದಿಂದ ಆ ಕಡೆ ಹೋಗಿಯೇ ಇಲ್ಲವಂತೆ. ಅವಳನ್ನು ನಾನು ಆಯಿ ಎಂದು ಕರೆಯತೊಡಗಿದೆ.

ಜಾಗ ಸಿಕ್ಕಿತು, ಬಾಯಿ ಸುಮ್ಮನಿರಲಿಲ್ಲ. ಸುತ್ತಲಿನವರಿಗೆಲ್ಲ ಕನ್ನಡ ಮರಾಠಿ ಬೆರೆಸಿ ಭೂಮಿ ಗುಂಡಗಿರುವುದನ್ನು ಸಾಧಿಸಿ ತೋರಿಸಿದೆ. ಹುಟ್ಟಿದಾಗಿನಿಂದ ಸಮುದ್ರದ ಮೇಲೇ ಇದ್ದ, ಕನ್ನಡ ಬಲ್ಲ ಹಡಗಿನ ಆಳು, ಖಲಾಸಿಯೊಬ್ಬ ಹಗ್ಗ ಹಿಡಿದು ನಿಂತು ಎಲ್ಲವನ್ನೂ ಕೇಳಿ, "ಹೌದೇನ್ರಿ?" ಎಂದು ಹೋದ.

ಮಧ್ಯಾಹ್ನ ಹಸಿವಾಯಿತು. ದಾರಿಗೆಂದು ಶಾಂತಾ ಬೇರೆಯೇ ಕಟ್ಟಿಕೊಟ್ಟ ಸಣ್ಣ ಗಂಟು ಬಿಚ್ಚಿದೆ. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಾಲ್ಕು ಜನರೆದುರು ತುತ್ತು ಎತ್ತುವ ಮೊದಲು, "ಬರ್ರಿ, ಊಟ ಮಾಡೂಣು" ಎನ್ನಬೇಕು. ಕೇಳಿಸಿಕೊಂಡವರು, "ಈಗರ ಆತ್ರಿ, ನೀವು ಮಾಡ್ರಿ" ಎನ್ನಬೇಕು. ಅಲ್ಲಿಗೆ ಮುಗಿಯಿತು. ನಮ್ಮ ಪಕ್ಕದ ಮನೆಯ ಗುರುಸಿದ್ದಪ್ಪ ಕಾಕಾನನ್ನು ನಾನು ಹದಿನೈದು ವರ್ಷದಿಂದ ದಿನವೂ ಕಟ್ಟೆಯ ಮೇಲಿಂದ ಊಟಕ್ಕೆ ಕರೆಯುತ್ತಿದ್ದೇನೆ. ಅವರು ಹದಿನೈದು ವರ್ಷದಿಂದ "ಈಗರ ಆತು" ಎನ್ನುತ್ತಿದ್ದಾರೆ. ಇಬ್ಬರೂ ಸುಖವಾಗಿದ್ದೇವೆ.

ಅದೇ ರೂಢಿಯಲ್ಲಿ ಆಯಿಯ ಕಡೆ ತಿರುಗಿ, "ಬರ್ರಿ ಆಯಿ, ಊಟ ಮಾಡೂಣು" ಎಂದೆ.

ಆಯಿ ಬಂದೇಬಿಟ್ಟಳು! ಸೊಸೆ ಮೊಮ್ಮಕ್ಕಳ ಸಮೇತ! ಹಡಗಿನ ಜನಕ್ಕೆ ಈ ಒಪ್ಪಂದದ ಎರಡನೆಯ ಭಾಗ ಗೊತ್ತಿರಲಿಲ್ಲ, ಆಯಿಗೆ ಮೂವತ್ತು ವರ್ಷದಲ್ಲಿ ಮರೆತೇ ಹೋಗಿತ್ತು. ಸಣ್ಣ ಗಂಟು ನಾಲ್ಕು ನಿಮಿಷದಲ್ಲಿ ಖಾಲಿಯಾಯಿತು. ಆಯಿಗೆ ಸಿಕ್ಕಿದ್ದು ರೊಟ್ಟಿಯ ಒಂದು ತುಣುಕು. ಅದನ್ನು ಕಣ್ಣು ಮುಚ್ಚಿ ಅಗಿದಳು. ಕಣ್ಣಂಚಿನಿಂದ ನೀರು ಇಳಿಯಿತು.

"ಮೂವತ್ತು ವರ್ಷ ಆಗಿತ್ತಪಾ, ಈ ರುಚಿ ನೋಡಿ" ಎಂದಳು.

ಇನ್ನು ಕಲ್ಲಾಗಿರಲು ಹೇಗೆ ಸಾಧ್ಯ? ಅವ್ವನ ಬುಟ್ಟಿಯ ಗಂಟು ಸಡಿಲಿಸಿ, ಆಯಿಗಾಗಿ ಒಂದೇ ಒಂದು ರೊಟ್ಟಿ ತೆಗೆದೆ. ಆಗ ಪಕ್ಕದ ಚಾಪೆಯವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ನನ್ನ ಬಾಯಿ, ನನ್ನನ್ನು ಕೇಳದೆಯೇ, "ಬರ್ರಿ, ಊಟ ಮಾಡೂಣು" ಎಂದಿತು. ಅವನೂ ಬಂದ! ಇದು ತಂಗಿಯ ಬಯಕೆ ಬುತ್ತಿ ಎಂದು ಆಗಲೇ ಹೇಳಬಹುದಿತ್ತು. ಆದರೆ ಬರ್ರಿ ಎಂದು ಕರೆದು, ಬಂದವನಿಗೆ ಇಲ್ಲ ಎನ್ನಲು ಧಾರವಾಡದವನ ನಾಲಿಗೆ ಹೊರಳುವುದಿಲ್ಲ. ಎರಡು ರೊಟ್ಟಿ ಹೋದರೇನಾಯಿತು ಎಂದು ಸಮಾಧಾನ ಹೇಳಿಕೊಂಡು ಗಂಟು ಬಿಗಿಯಲು ಕೈ ಹಾಕಿದೆ.

ಅಷ್ಟರಲ್ಲಿ ಹಡಗು ಮುಂದಕ್ಕೆ ಹೋಗುವುದರ ಜೊತೆಗೆ ಮೇಲಕ್ಕೂ ಕೆಳಕ್ಕೂ ಹೋಗತೊಡಗಿತು. ಈ ಸಂಗತಿ ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ! ನೀರಿನಲ್ಲಿ ತಗ್ಗೂ ಇತ್ತು, ದಿನ್ನೆಯೂ ಇತ್ತು. ಸ್ವಲ್ಪ ಹೊತ್ತಿನಲ್ಲಿ ನಾನು ಕಟಕಟೆಗೆ ಜೋತುಬಿದ್ದು, ಹನ್ನೆರಡು ವರ್ಷ ಕಲಿಸಿದ್ದನ್ನೆಲ್ಲ ಅರಬ್ಬೀ ಸಮುದ್ರಕ್ಕೆ ಒಪ್ಪಿಸುತ್ತಿದ್ದೆ. ಖಲಾಸಿ ಬಂದು ಬೆನ್ನು ಸವರಿ, "ಭೂಮಿ ಗುಂಡಗೈತಲ್ರಿ, ಅದಕ್ಕ" ಎಂದ.

ಚಾಪೆಗೆ ಬಂದು ಅಡ್ಡಾದೆ. ಬಿಚ್ಚಿದ ಬುಟ್ಟಿಯಿಂದ ಶೇಂಗಾ ಚಟ್ನಿಯ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿಯಿತು. ಹೊಟ್ಟೆ ಮತ್ತೆ ಬಾಯಿಗೆ ಬಂತು. ಆಯಿ ಕಕ್ಕುಲತೆಯಿಂದ, "ಸ್ವಲ್ಪ ರೊಟ್ಟಿ ತಿಂತೀಯೇನೋ ತಮ್ಮಾ?" ಎಂದು ಕೇಳಿದಳು.

"ಬ್ಯಾಡ ಆಯಿ! ಕೈ ಮುಗೀತೇನಿ, ಆ ಬುಟ್ಟಿ ನನ್ನ ಕಣ್ಣ ಮುಂದಿಂದ ತಗೀರಿ! ಯಾರರ ತಿಂದು ಮುಗಸ್ರಿ!"

ಆ ಹೊತ್ತಿಗೆ ಇಡೀ ಹಡಗು ಮುಳುಗಿದ್ದರೂ ನಾನು ಅಡ್ಡಿಯಿಲ್ಲ ಎನ್ನುತ್ತಿದ್ದೆ. ಕಣ್ಣು ಮುಚ್ಚಿದೆ.

ಬಿಸಿಲು ಇಳಿದಾಗ ಎಚ್ಚರವಾಯಿತು. ಸಮುದ್ರ ಶಾಂತವಾಗಿತ್ತು. ಹೊಟ್ಟೆಯೂ ಶಾಂತವಾಗಿತ್ತು. ಬುಟ್ಟಿ ಅದಕ್ಕಿಂತ ಶಾಂತವಾಗಿತ್ತು. ಬಿಳಿ ಬಟ್ಟೆಯನ್ನು ಅಚ್ಚುಕಟ್ಟಾಗಿ ಮಡಚಿ ಒಳಗೆ ಇಟ್ಟಿದ್ದರು. ಬೇರೆ ಏನೂ ಇರಲಿಲ್ಲ!

"ಎಷ್ಟ ದೊಡ್ಡ ಮನಸೋ ತಮ್ಮಾ ನಿಂದು!" ಎಂದಳು ಆಯಿ ಮುಖ ಅರಳಿಸಿ. "ನೀ ಹೇಳಿದಂಗ ಮಾಡೇವಿ ನೋಡು. ಮ್ಯಾಲಿನ ಡೆಕ್ಕಿನವರಿಗೂ ಮುಟ್ಟೇತಿ. ಎಲ್ಲಾರೂ ನಿನ್ನ ಹರಸ್ಯಾರ."

ನನಗೆ ಅವ್ವ ಮೂರು ದಿನ ಒಲೆಯ ಮುಂದೆ ಕೂತದ್ದು ಕಂಡಿತು. ನೀಲಾಳ ಪತ್ರದ ಕೊನೆಯ ಸಾಲು ಕಂಡಿತು. ಮೂವತ್ತೈದು ವರ್ಷದ ಗಂಡಸು, ಹೇಳಲು ನಾಚಿಕೆ, ಎಲ್ಲರೆದುರು ಅತ್ತುಬಿಟ್ಟೆ. ಅಳುತ್ತಲೇ ಎಲ್ಲವನ್ನೂ ಹೇಳಿದೆ.

ಆಯಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಬಸುರಿ ಹೆಣ್ಣಮಗಳ ಬುತ್ತಿ? ಅಯ್ಯ ದೇವರ! ಮದಲ ಯಾಕ ಹೇಳಲಿಲ್ಲೋ?"

"ಹೆಂಗ ಹೇಳಲಿ ಆಯಿ? ಬರ್ರಿ ಅಂದುಬಿಟ್ಟಿದ್ದೆನಲ್ಲ!"

ಸುದ್ದಿ ಡೆಕ್ಕಿನ ಈ ತುದಿಯಿಂದ ಆ ತುದಿಗೆ ಹೋಯಿತು. ಜನ ಒಬ್ಬೊಬ್ಬರಾಗಿ ಎದ್ದು ಬಂದರು. ಒಬ್ಬಳು ತೆಂಗಿನಕಾಯಿ ಹಾಕಿದಳು, ಒಬ್ಬ ಗೇರುಬೀಜದ ಪೊಟ್ಟಣ ಹಾಕಿದ, ಇನ್ನೊಬ್ಬ ಒಣಗಿಸಿದ ಕೋಕಂ, ಮತ್ತೊಬ್ಬ ಹಲಸಿನ ಹಪ್ಪಳ. ಒಬ್ಬ ಪುಣ್ಯಾತ್ಮ ಒಣಮೀನನ್ನೇ ಹಾಕಲು ಬಂದ. ಆಯಿ ಅವನ ಕೈ ಹಿಡಿದು, "ಇವರು ಲಿಂಗ ಕಟ್ಟಿದವರೋ ಮಾರಾಯಾ" ಎಂದು ತಡೆದಳು. ಬುಟ್ಟಿ ಮತ್ತೆ ತುಂಬಿತು.

ಅಷ್ಟರಲ್ಲಿ ದೇವಗಡ ಬಂತು. ಇಳಿಯುವವರಿಗಾಗಿ ದೋಣಿಗಳು ಹಡಗಿನ ಮಗ್ಗುಲಿಗೆ ಬಂದು ನಿಂತವು. ಆಯಿ ಹೊರಟವಳು ಮತ್ತೆ ತಿರುಗಿ ಬಂದು, ತನ್ನ ಗಂಟಿನೊಳಗಿಂದ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಏನನ್ನೋ ತೆಗೆದಳು. ಕಡಕ್ ರೊಟ್ಟಿ! ಇಡೀ ರೊಟ್ಟಿ.

"ಒಂದು ಬಚ್ಚಿಟ್ಟಿದ್ದೆ. ಮನಿಗೆ ಹೋಗಿ ದಿನಾ ಒಂದೀಟ ಮುರಕೊಂಡು ತಿನ್ನಬೇಕಂತ ಮಾಡಿದ್ದೆ. ಒಯ್ಯಪಾ, ನಿನ್ನ ತಂಗಿಗೆ ಕೊಡು."

ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಬಾಯಿಗೆ ರೂಢಿಯ ಮಾತೇ ಬಂತು: "ಧಾರವಾಡದ ಕಡೆ ಬಂದ್ರ ನಮ್ಮ ಮನಿಗೆ ಬರ್ರಿ ಆಯಿ."

ಮುಂಬಯಿಯಲ್ಲಿ ನೀಲಾ ಬುಟ್ಟಿಯ ಬಟ್ಟೆ ಬಿಚ್ಚಿದಳು. ತೆಂಗಿನಕಾಯಿ ನೋಡಿದಳು, ಕೋಕಂ ನೋಡಿದಳು, ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಕೊನೆಗೆ ಸೀರೆಯ ತುಂಡಿನಲ್ಲಿ ಸುತ್ತಿದ ಆ ಒಂದು ರೊಟ್ಟಿಯನ್ನು ಅವಳ ಕೈಗಿಟ್ಟು ಕಥೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕಳು, ಅತ್ತಳು, ಮತ್ತೆ ನಕ್ಕಳು.

"ಒಂದು ಸಿಕ್ಕರೂ ಸಾಕು ಅಂತ ನಾನ ಬರದಿದ್ದೆ. ಖರೇನ ಒಂದ ತಂದಿ ಬಿಡಣ್ಣಾ!"

ಕುಬಸದ ದಿನ ಬೀಗರೆದುರು ಆ ಒಂದು ರೊಟ್ಟಿಯನ್ನು ಬೆಳ್ಳಿಯ ತಾಟಿನಲ್ಲಿಟ್ಟು ಬಡಿಸಿದರು. ಬೀಗಿತಿ ತಾಟನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ನೀಲಾ ಅವ್ವನಿಗೆ ಕಾರ್ಡು ಬರೆದಳು: "ಅಣ್ಣ ತಂದ ರೊಟ್ಟಿ ಒಂದೂ ಮುರಿದಿರಲಿಲ್ಲ." ಅದರಲ್ಲಿ ಸುಳ್ಳು ಎಲ್ಲಿದೆ, ಹೇಳಿ!

ಅವ್ವ ಆ ಕಾರ್ಡನ್ನು ಓಣಿಗೆಲ್ಲ ತೋರಿಸಿದಳು. ನಾಲ್ಕು ತಿಂಗಳು ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ನೀಲಾ ಹೆರಿಗೆಗೆ ಧಾರವಾಡಕ್ಕೆ ಬಂದು, ಮಗಳನ್ನು ಹೆತ್ತು, ಬಾಣಂತನದಲ್ಲಿದ್ದಳು. ಒಂದು ಮಧ್ಯಾಹ್ನ ಬಾಗಿಲಲ್ಲಿ ಧ್ವನಿ ಕೇಳಿತು: "ಭೂಗೋಳದ ಮಾಸ್ತರ ಮನಿ ಇದ ಏನ್ರಿ?"

ಆಯಿ! ಬೈಲಹೊಂಗಲ ನೋಡುವ ಆಸೆಯಾಗಿ, ನನ್ನ ಮಾತನ್ನು ನಂಬಿ, ಸೊಸೆ ಮೊಮ್ಮಕ್ಕಳ ಸಮೇತ ಬಂದಿದ್ದಳು! ಅವ್ವನ ಎರಡೂ ಕೈ ಹಿಡಿದು, "ಏನ ಕೈಯವ್ವಾ ನಿಂದು! ಆವತ್ತ ನಾವು ಇಡೀ ಆಗಬೋಟಿನ ಮಂದಿ ನಿನ್ನ ರೊಟ್ಟಿ ತಿಂದ್ವಿ" ಎಂದು ಶುರು ಮಾಡಿದಳು. ನಾನು ಆಯಿಯ ಬೆನ್ನ ಹಿಂದೆ ನಿಂತು ಕೈ ಬೀಸಿದೆ. ನೀಲಾ ಒಳಗಿನಿಂದ ಕೆಮ್ಮಿದಳು. ಆಯಿ ಮಾತ್ರ ಬಚ್ಚಿಟ್ಟ ರೊಟ್ಟಿಯವರೆಗೂ ಎಲ್ಲವನ್ನೂ ಬಿಡದೆ ಹೇಳಿದಳು.

ಅವ್ವ ನನ್ನ ಕಡೆ ತಿರುಗಲೇ ಇಲ್ಲ. ಆಯಿಯ ಮುಖವನ್ನೇ ನೋಡುತ್ತ, "ನಿನ್ನ ಬಾಯಾಗಿನ ರೊಟ್ಟಿ ನನ್ನ ಮಗಳಿಗೆ ಕಳಿಸಿದೇನವಾ?" ಎಂದಳು. ಆಮೇಲೆ ಎದ್ದು ಒಲೆ ಹೊತ್ತಿಸಿದಳು. ಆಯಿಗೆ ಹೊಟ್ಟೆ ತುಂಬ ಬಡಿಸಿ, ಜೊತೆಗೆ ಒಂದು ಬುಟ್ಟಿ ರೊಟ್ಟಿ ಕಟ್ಟಿಕೊಟ್ಟು, ಅವರನ್ನು ಬಸ್ಸಿಗೆ ಕಳಿಸಿ ಬಂದಳು. ಶಾಂತಾ ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು.

"ಅವ್ವಾ, ನನಗ?" ಎಂದೆ.

ಅವ್ವ ಡಬ್ಬಿಯ ತಳದಲ್ಲಿದ್ದ ಮುರುಕು ರೊಟ್ಟಿಗಳನ್ನು ತಾಟಿಗೆ ಸುರಿದಳು. "ಇನ್ನ ಮ್ಯಾಲ ನಿನಗ ಇವ. ಪಾಪ, ಇವು ಆಗಬೋಟು ಹತ್ತಿದ್ದಿಲ್ಲ!"

ತಾಟು ಹಿಡಿದು ಕಟ್ಟೆಯ ಮೇಲೆ ಬಂದು ಕೂತೆ. ಪಕ್ಕದ ಕಟ್ಟೆಯಲ್ಲಿ ಗುರುಸಿದ್ದಪ್ಪ ಕಾಕಾ ಕೂತಿದ್ದರು. ಆಯಿಯ ವರ್ಣನೆಯನ್ನು ಗೋಡೆಯಾಚೆಯಿಂದ ಅಕ್ಷರ ಬಿಡದೆ ಕೇಳಿಸಿಕೊಂಡಿದ್ದರು. ಕಣ್ಣಿಗೆ ಕಣ್ಣು ಸೇರಿತು. ನನ್ನ ಬಾಯಿ, ನನ್ನನ್ನು ಕೇಳದೆಯೇ, "ಬರ್ರಿ ಕಾಕಾ, ಊಟ ಮಾಡೂಣು" ಎಂದಿತು.

ಕಾಕಾ ನನ್ನ ತಾಟಿನ ಕಡೆ ನೋಡಿದರು. ಆಮೇಲೆ ಧೋತರ ಕೊಡವಿ ಎದ್ದು, "ಇಷ್ಟ ಕರಿತಿ ಅಂದಮ್ಯಾಲ ಬರಲಾರದ ಹೆಂಗಿರಲಿ?" ಎನ್ನುತ್ತ ಬಂದು ತಾಟಿಗೆ ಕೈ ಹಾಕಿದರು!